ಪಾಪರ್ ಚೀಟಿಗೆ ಮೊದಲೊಂದು ಚೀಟಿ

ಅಮೆರಿಕದಲ್ಲಿ ಪಾಪರ್ ಆಗುವುದು ಬರಿಗೈಯವರ ಕೈಲಾಗುವ ಕೆಲಸವಲ್ಲ. ಅಲ್ಲಿನ ದಿವಾಳಿ ಕಾನೂನಿನ ಏಳನೇ ಅಧ್ಯಾಯದಡಿ ಅರ್ಜಿ ಹಾಕಲು ನ್ಯಾಯಾಲಯದ ಶುಲ್ಕವೇ 338 ಡಾಲರ್, ವಕೀಲರದ್ದು ಬೇರೆ. ತೀರಾ ಬಡವರಿಗೆ ಮಾಫಿ ಉಂಟು. ಅದಕ್ಕೆ ಇನ್ನೊಂದು ಅರ್ಜಿ.

ಬರೀ ದುಡ್ಡು ಹೊಂದಿಸಿದರೂ ಆಗದು, ಬುದ್ಧಿವಾದವನ್ನೂ ಕೇಳಿರಬೇಕು. 2005ರ ಅಕ್ಟೋಬರ್ 17ರಂದು ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಅರ್ಜಿಗೆ ಮುಂಚಿನ 180 ದಿನಗಳೊಳಗೆ ಮಾನ್ಯತೆ ಪಡೆದ ಸಂಸ್ಥೆಯೊಂದರಿಂದ ಸಾಲದ ಕುರಿತು ಸಲಹೆ ಪಡೆದು ಪ್ರಮಾಣಪತ್ರ ತರಬೇಕು. ಫೋನಿನಲ್ಲಾದರೂ ಸರಿ, ಅಂತರ್ಜಾಲದಲ್ಲಾದರೂ ಸರಿ. ಕೆಲಸ ಕಳೆದುಕೊಂಡು, ಆಸ್ಪತ್ರೆಯ ಬಿಲ್ಲಿಗೆ ಮನೆ ಒತ್ತೆಯಿಟ್ಟು ಕುಳಿತವನನ್ನು ಆ ಕಡೆಯ ಮೃದು ದನಿ ವಿಚಾರಿಸುತ್ತದೆ: ತಿಂಗಳಿಗೆ ಕಾಫಿಗೆಂದು ಎಷ್ಟು ಖರ್ಚು ಮಾಡುತ್ತೀರಿ?

ಅರ್ಜಿ ಹಾಕಿದ ಮೇಲೆ ಎರಡನೆಯ ಪಾಠ, ಹಣ ನಿರ್ವಹಣೆಯದು. ಅದನ್ನು ಮುಗಿಸದಿದ್ದರೆ ಸಾಲದಿಂದ ಬಿಡುಗಡೆಯಿಲ್ಲ. ನಿರ್ವಹಿಸಲು ಹಣವೆಲ್ಲಿದೆ ಎಂಬುದು ಪಠ್ಯಕ್ರಮದ ಹೊರಗಿನ ಪ್ರಶ್ನೆ.

ಕಾಯ್ದೆ ಬಂದು ಎರಡು ತಿಂಗಳಾಗಿತ್ತಷ್ಟೆ. ಟೆಕ್ಸಾಸಿನ ದಂಪತಿಯೊಬ್ಬರು ಮನೆಯ ಹರಾಜು ತಪ್ಪಿಸಲು ಆಸ್ಟಿನ್‌ನ ದಿವಾಳಿ ನ್ಯಾಯಾಲಯಕ್ಕೆ ಓಡಿದರು. ಓಡುವ ಗಡಿಬಿಡಿಯಲ್ಲಿ ಪ್ರಮಾಣಪತ್ರ ತಂದಿರಲಿಲ್ಲ. ತುರ್ತು ಎಂದರೆ ವಿನಾಯಿತಿ ಇತ್ತು, ಆದರೆ ಸಲಹೆ ಕೇಳಿಯೂ ಐದು ದಿನಗಳಲ್ಲಿ ಸಿಗಲಿಲ್ಲವೆಂದು ತೋರಿಸಬೇಕಿತ್ತು. ಹರಾಜಿನವರಿಗೆ ಅಷ್ಟು ವ್ಯವಧಾನವೆಲ್ಲಿ? ನ್ಯಾಯಾಧೀಶ ಫ್ರಾಂಕ್ ಮನ್ರೋ ಅವರು ಹೆಸರಲ್ಲೇ ‘ಗ್ರಾಹಕ ರಕ್ಷಣೆ’ ಎಂದಿದ್ದ ಈ ಕಾಯ್ದೆಯನ್ನು ಹಾಗೆ ಕರೆಯುವುದೇ ಅಪಹಾಸ್ಯವೆಂಬಂತೆ ಬರೆದು, ಶಾಸಕರನ್ನು ಸಾಕಷ್ಟು ಝಾಡಿಸಿ, ಅರ್ಜಿಯನ್ನು ವಜಾ ಮಾಡಿದರು. ಬೈಗುಳ ಕಾಯ್ದೆಗೆ, ಪೆಟ್ಟು ದಂಪತಿಗೆ.

2007ರಲ್ಲಿ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆಯೇ ಪರಿಶೀಲಿಸಿ, ಅರ್ಜಿಗೆ ಮುಂಚಿನ ಈ ಸಲಹೆಯಿಂದ ಏನು ಪ್ರಯೋಜನವೋ ಸ್ಪಷ್ಟವಿಲ್ಲ ಎಂದಿತು. ಸಲಹೆ ಕೇಳಲು ಬರುವ ಹೊತ್ತಿಗೆ ಜನರ ಸ್ಥಿತಿ ಕೈಮೀರಿರುತ್ತದೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಆ ಬಾಗಿಲಿಗೆ ಪ್ರವೇಶ ಶುಲ್ಕವೂ ಉಂಟು: ಪಾಠವೊಂದಕ್ಕೆ 50 ಡಾಲರ್‌ವರೆಗೆ ನ್ಯಾಯವಾದ ದರವಂತೆ.

ಅಂದ ಹಾಗೆ, ಈ ನಿಯಮ ವ್ಯಕ್ತಿಗಳಿಗೆ ಮಾತ್ರ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕು 613 ಶತಕೋಟಿ ಡಾಲರ್ ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿತು. ಯಾವ ಪ್ರಮಾಣಪತ್ರವೂ ಬೇಕಾಗಲಿಲ್ಲ. ಕಾಫಿಯ ಲೆಕ್ಕವನ್ನೂ ಯಾರೂ ಕೇಳಲಿಲ್ಲ.