ವಿಜಾಪುರದಾಗ ಮೈನಸ್ 40

ಬಾಗಲಕೋಟಿಯಾಗ ತಂಗಿ ಕುಬಸಾ ಮುಗಿಸ್ಕೊಂಡು ವಾಪಸ್ ವಿಜಾಪುರಕ್ಕ ಬರಾಕತ್ತಿದ್ವಿ, ಕೃಷ್ಣಾ ಬ್ರಿಡ್ಜ್ ದಾಟಿ ಕೊಲ್ಹಾರದಾಗ ಗಡಿಗಿ ಮೊಸರು ತಗೊಂಡು ಗಾಡಿ ಚಾಲೂ ಮಾಡಿದ್ರ ಮೀಟರಿನ್ಯಾಗ ಹಳದಿ ಇಂಜಿನ್ ಲೈಟ್ ಹತ್ತಿದ್ದು ಆರವಲ್ದು. ಗಡಿಗಿ ತೊಡಿ ಮ್ಯಾಲ ಇಟ್ಕೊಂಡು ಹಿಂದ ಕುಂತಿದ್ದ ಅಪ್ಪ ಬಗ್ಗಿ ನೋಡಿ, "ನಳದ ಚಿತ್ರ ಬಂದೈತಲ್ಲೋ ತಮ್ಮಾ, ನೀರ್ ಖಾಲಿ ಆತೇನ?" ಅಂದ.

ನಮ್ಮ ಗಾಡಿ 2012ರದು. ಮಿಸ್ತ್ರಿ ಕಡೆ ಹೋಗಿದ್ರ ಅವತ್ತ ಮುಗೀತಿತ್ತು, ಆದ್ರ ನನ್ನ ಕಡೆ ಗಾಡಿ ಕಂಪ್ಯೂಟರಿನ್ಯಾಗಿನ ತಪ್ಪಿನ ಕೋಡ್ ಮೊಬೈಲಿಗೆ ತೋರಸೋ, ಕಡ್ಡಿಪೆಟ್ಟಿಗಿ ಅಷ್ಟ ಇರೋ ಬ್ಲೂಟೂತ್ ಸ್ಕ್ಯಾನರ್ ಐತಲ್ಲ. ಮನಿ ಮುಂದ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಕೆಳಗ ತಲಿ ತುರುಕಿ, ಕಾಲು ಎರಡೂ ರಸ್ತಾದ ಕಡೆ ಚಾಚಿ, 16 ಪಿನ್ನಿನ ಆ ಸಾಕೆಟ್ ಹುಡುಕಿ ಚುಚ್ಚಿ ಮೊಬೈಲಿನ್ಯಾಗ ಪಿನ್ 1234 ಹೊಡದೆ. ಬಂತು ಕೋಡ್, ಪಿ0113. ಪಿ ಅಂದ್ರ ಇಂಜಿನ್-ಗೇರಿನ ಕಡೀದು, ಸೊನ್ನಿ ಅಂದ್ರ ಎಲ್ಲಾ ಕಂಪನಿಗೂ ಒಂದ ಅರ್ಥ, ಮುಂದಿನ 1 ಅಂದ್ರ ಗಾಳಿ-ಪೆಟ್ರೋಲಿನ ಲೆಕ್ಕ ಅಂತ ಹೆಂಡ್ತಿಗೆ ಪಾಠ ಮಾಡಿದೆ. "ಅಷ್ಟೆಲ್ಲಾ ಇರ್ಲಿ, ಕೆಟ್ಟಿದ್ದ ಏನ್ರಿ?" ಅಂದ್ಲು. ಅದ ಗೊತ್ತಿದ್ದಿಲ್ಲ.

ಇಂಜಿನ್‌ಗೆ ಹೋಗೋ ಗಾಳಿ ಎಷ್ಟ ಬಿಸಿ ಐತಿ ಅಂತ ಆ್ಯಪಿನ್ಯಾಗ ನೋಡಿದ್ರ ಮೈನಸ್ 40 ಡಿಗ್ರಿ! ಹೊರಗ ಏಪ್ರಿಲ್ ಬಿಸಲು, ಬಾನೆಟ್ ಮುಟ್ಟಿದ್ರ ಕೈ ಸುಡತೈತಿ, ಅದರ ಮ್ಯಾಲ ರೊಟ್ಟಿ ಬೇಯಿಸಬಹುದಿತ್ತು. ಅಪ್ಪಗ ಹೇಳಿದೆ. "ಹಂಗಿದ್ರ ಎಸಿ ಯಾಕ ಹಚ್ಚತಿ, ಬಂದ್ ಮಾಡು" ಅಂದ.

ನಾ ಏನ್ ಮಾಡಿದೆ ಅಂದ್ರ ಆ್ಯಪಿನ್ಯಾಗ ಕೋಡ್ ಅಳಿಸೋ ಕ್ಲಿಯರ್ ಬಟನ್ ಒತ್ತಿದೆ. ಲೈಟ್ ಹೋತು. ಓಣಿ ತುಂಬ ನಾನ ರಿಪೇರಿ ಮಾಡ್ದೆ ಅಂತ ಹೇಳ್ಕೊಂಡು ಬಂದೆ. ಈ ಕೋಡ್ ನಮ್ಮ ಗಾಡ್ಯಾಗ ಮೊದಲನೇ ಟ್ರಿಪ್ಪಿಗೆ ಸುಮ್ನಿರತೈತಿ, ಎರಡನೇ ಟ್ರಿಪ್ಪಿನ್ಯಾಗೂ ಅದ ತಪ್ಪು ಕಂಡ್ರ ಆಗ ಲೈಟ್ ಹಚ್ಚತೈತಿ, ಇದು ನಂಗ ಗೊತ್ತಾಗಿದ್ದು ಮರುದಿನ ಸಂತಿಗೆ ಹೋಗಿ ವಾಪಸ್ ಬರುವಾಗ, ಹೆಂಡ್ತಿ ಮೆಂತೆ ಸೊಪ್ಪಿನ ಚೀಲದ ಮ್ಯಾಲಿಂದ ಬಟ್ಟ ಮಾಡಿ ತೋರಿಸಿದಾಗ. ಮತ್ತ ಕ್ಲಿಯರ್, ಮತ್ತ ಲೈಟ್. ನಾಲ್ಕ ದಿನ ಇದ ಪೂಜಾ. ಬಾಜೂ ಮನಿ ಕಾಕಾ ಬ್ಯಾಟ್ರಿ ಮೈನಸ್ ವೈರ್ ತೆಗದು ಹಾಕಂದ್ರು, ಹಾಕಿದೆ. ಗಡಿಯಾರ 12ಕ್ಕ ಬಂತು, ಅಪ್ಪನ ರೇಡಿಯೋ ಸ್ಟೇಷನ್ ಎಲ್ಲಾ ಅಳಿಸಿ ಹೋದ್ವು, ಲೈಟ್ ಮಾತ್ರ ಎರಡ ದಿನಕ್ಕ ವಾಪಸ್. ಅಪ್ಪ ಮಾತ ಬಿಟ್ಟ. ಸಿಟ್ಟಿಗೆದ್ದು ಆನ್‌ಲೈನಿನ್ಯಾಗ 780 ರೂಪಾಯಿಗೆ ಆ ಗಾಳಿ ಬಿಸಿ ಅಳಿಯೋ ಹೊಸಾ ಸೆನ್ಸರ್ ಆರ್ಡರ್ ಮಾಡಿದೆ.

ಕಡೀಕ ಮಿಸ್ತ್ರಿ ಕಡೆನ ಹೋದ್ವಿ. ನಾ ಮೊಬೈಲ್ ಮುಂದ ಹಿಡದೆ, ಅಂವ ನೋಡ್ಲೂ ಇಲ್ಲ. ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿ ಬಾಜೂಕ ಜೋತು ಬಿದ್ದಿದ್ದ ಒಂದ ಸಣ್ಣ ಪ್ಲಗ್ ಹಿಡಕೊಂಡು ಸೆನ್ಸರಿಗೆ ಒತ್ತಿದ. ಟಕ್. ಮೈನಸ್ 40 ಇದ್ದದ್ದು 52ಕ್ಕ ಬಂತು.

"ಥಂಡಿ ಆದಷ್ಟೂ ಇದರ ರೆಸಿಸ್ಟನ್ಸ್, ಅಂದ್ರ ಕರೆಂಟ್ ತಡಿಯೋದು, ಏರತೈತ್ರಿ ಸರ, ಪ್ಲಗ್ಗ ಬಿಟ್ರ ರೆಸಿಸ್ಟನ್ಸಿಗೆ ಲೆಕ್ಕನ ಇಲ್ಲ, ಕಂಪ್ಯೂಟರ್ ಪಾಪ ಹಿಮಾಲಯದಾಗ ಅದೀನಿ ಅಂತ ತಿಳಕೊಂಡಿತ್ತು" ಅಂದ. ಆಮ್ಯಾಲ ಕೈ ಒರಿಸ್ಕೋತ, "ಈ ಡಬ್ಬಿ ಯಾರ ಬಿಚ್ಚಿದ್ರು?"

"ಯಾರೋ ಗ್ಯಾರೇಜಿನವ್ರು ಬಿಚ್ಚಿರಬೇಕು..." ಅಂತ ನಾ ಶುರು ಮಾಡಿದ್ದೆ.

ಐದ ದಿನದಿಂದ ಮಾತಾಡದ ಅಪ್ಪ ಹಿಂದಿನ ಸೀಟಿನಿಂದ ಬಾಯಿ ಬಿಟ್ಟ. "ಇವನ ಬಿಚ್ಯಾನ. ಕುಬಸದ ಹಿಂದಿನ ದಿನ, ಯೂಟ್ಯೂಬ್ ನೋಡಿ, ಧೂಳ ಜಾಡಸ್ತೀನಿ ಅಂತ."

ಮಿಸ್ತ್ರಿ ನಗಲಿಲ್ಲ, ಬಾನೆಟ್ ಒಳಗ ಮತ್ತೇನೋ ಹುಡುಕೋರಂಗ ಬಗ್ಗಿದ, ಭುಜ ಮಾತ್ರ ಅಳ್ಳಾಡಾಕತ್ತಿದ್ವು. ರೊಕ್ಕ ತಗೊಳ್ಳಿಲ್ಲ, ಚಾ ಕುಡಿಸ್ರಿ ಅಂದ.

ಸೆನ್ಸರ್ ಮರುದಿನ ಬಂತು. ಹೊಸಾದು, ಪ್ಯಾಕ್ ಒಡದಿಲ್ಲ. ಯಾರಿಗರ ಬೇಕಿದ್ರ ಹೇಳ್ರಿ.