ಸತ್ಯಾಂಶ: ವಿಶ್ಲೇಷಣೆ ‘ಎಡ ಮಿದುಳಿನವರ’ ಸೊತ್ತೇ?

‘ಎಡ ಮಿದುಳು ಪ್ರಬಲವಾಗಿರುವವರಿಗಷ್ಟೇ ವಿಶ್ಲೇಷಣಾ ಶಕ್ತಿ ಇರುತ್ತದೆ, ದೊಡ್ಡವರಾದ ಮೇಲೆ ಅದನ್ನು ಕಲಿಸಲಾಗದು’ ಎಂಬ ವಾಟ್ಸ್ಆ್ಯಪ್ ಸಂದೇಶ ಆಗಾಗ ಹರಿದಾಡುತ್ತದೆ. ಇದು ನಿಜವಲ್ಲ.

ಈ ನಂಬಿಕೆಯ ಬೇರು ಅಮೆರಿಕದ ನರವಿಜ್ಞಾನಿ ರೋಜರ್ ಸ್ಪೆರಿಯವರ ಸಂಶೋಧನೆಯಲ್ಲಿದೆ. ತೀವ್ರ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡು ಅರ್ಧಗೋಳಗಳ ನಡುವಿನ ನರತಂತುಗಳನ್ನು ಕತ್ತರಿಸಲಾಗಿದ್ದ ರೋಗಿಗಳನ್ನು ಪರೀಕ್ಷಿಸಿ, ಮಾತಿನಂಥ ಕೆಲವು ಕೆಲಸಗಳಲ್ಲಿ ಸಾಮಾನ್ಯವಾಗಿ ಎಡಗೋಳದ ಪಾತ್ರ ಹಿರಿದೆಂದು ತೋರಿಸಿದ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಮಿದುಳಿನೊಳಗಿನ ಕೆಲಸದ ಹಂಚಿಕೆ ಬೇರೆ, ಮನುಷ್ಯರನ್ನೇ ಎರಡು ಪಂಗಡ ಮಾಡುವುದು ಬೇರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಂಡವು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಪಂಗಡಗಳಿಗೆ ಆಧಾರ ಸಿಗಲಿಲ್ಲ.

ಪದವಿ ತರಗತಿಯಲ್ಲಾಗಲಿ ವಯಸ್ಕರ ಸಂಜೆ ತರಗತಿಯಲ್ಲಾಗಲಿ ವಿಶ್ಲೇಷಣೆ ಕಲಿಸಲು ಕೆಲಸಕ್ಕೆ ಬರುವುದು ಅಭ್ಯಾಸ: ಒಂದು ವಾದದ ತೀರ್ಮಾನ ಯಾವುದು, ಅದರ ಆಧಾರ ಯಾವುದು, ಹೇಳದೆ ಬಿಟ್ಟ ಊಹೆ ಯಾವುದು ಎಂದು ವಿದ್ಯಾರ್ಥಿಯೇ ಬಿಡಿಸಿ ಬರೆಯಬೇಕು, ಅಧ್ಯಾಪಕರು ಅದನ್ನು ತಿದ್ದಿ ಮತ್ತೆ ಬರೆಸಬೇಕು. ವಿಷಯದ ತಿಳಿವೂ ಬೇಕು. ಹತ್ತಾರು ವರ್ಷ ಲೆಕ್ಕಪತ್ರ ನೋಡಿದ ಗುಮಾಸ್ತರು ಆಯವ್ಯಯದಲ್ಲಿನ ಅಸಂಗತಿಯನ್ನು ಹೊಸ ಪದವೀಧರನಿಗಿಂತ ಬೇಗ ಗುರುತಿಸುವುದು ಆ ತಿಳಿವಿನಿಂದಲೇ.