ದೂಡಿದವರು ಯಾರು?

ಕಾಸರಗೋಡಿನಿಂದ ಚೆರ್ಕಳ ದಾರಿಯಾಗಿ ಮುಳ್ಳೇರಿಯಕ್ಕೆ ಹೋಗುವ ಬಸ್ಸಿನಲ್ಲಿ ಸಂಜೆ ಹೊತ್ತು ನಿಂತು ಪ್ರಯಾಣ ಮಾಡಿದವರಿಗೆಲ್ಲ ತಿಳಿದಿರುವಂತೆ, ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ‘ಯಾರು ದೂಡಿದ್ದು?’ ಎಂಬುದು. ಡ್ರೈವರ್ ಬ್ರೇಕ್ ಒತ್ತಿದೊಡನೆ ನಾನು ಎದುರಿನ ಹಿರಿಯರ ಬೆನ್ನಿಗೆ ಹೋಗಿ ಒರಗುತ್ತೇನೆ; ಅವರು ತಿರುಗಿ ನನ್ನನ್ನು ನೋಡುತ್ತಾರೆ; ನಾನು ನನ್ನ ಹಿಂದಿನವನನ್ನು ನೋಡುತ್ತೇನೆ. ಹೀಗೆ ಆರೋಪವು ಹಿಂದಿನ ಬಾಗಿಲಿನವರೆಗೆ ಸಾಗಿ, ‘ಮುನ್ನೋಟ್ಟು, ಮುನ್ನೋಟ್ಟು’ (ಮುಂದಕ್ಕೆ, ಮುಂದಕ್ಕೆ) ಎಂದು ಕೂಗುತ್ತಿರುವ ಕಂಡಕ್ಟರನ ತಲೆಗೆ ಬಂದು ಕೂರುತ್ತದೆ.

ವಾಸ್ತವವಾಗಿ ಯಾರೂ ದೂಡಿರುವುದಿಲ್ಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲ ನಿಯಮದ ಪ್ರಕಾರ, ಚಲಿಸುತ್ತಿರುವ ವಸ್ತು ಅದೇ ವೇಗದಲ್ಲಿ ನೇರವಾಗಿ ಹೋಗುತ್ತಿರಲು ಯಾರೂ ದೂಡಬೇಕಾಗಿಲ್ಲ. ಅದು ನಿಲ್ಲಬೇಕಾದರೆ ಅಥವಾ ತಿರುಗಬೇಕಾದರೆ ಮಾತ್ರ ಬಲ ಬೇಕು. ಬ್ರೇಕ್ ಹಾಕಿದಾಗ ಬಸ್ಸಿನ ನೆಲವು ಘರ್ಷಣೆಯಿಂದ ನನ್ನ ಪಾದಗಳನ್ನು ಹಿಡಿದು ನಿಲ್ಲಿಸುತ್ತದೆ. ಸೊಂಟದಿಂದ ಮೇಲಿನ ಭಾಗಕ್ಕೆ ಆ ಸುದ್ದಿ ತಡವಾಗಿ ಮುಟ್ಟುವುದರಿಂದ ಅದು ಮುಳ್ಳೇರಿಯದ ಕಡೆಗೆ ಪ್ರಯಾಣ ಮುಂದುವರಿಸುತ್ತದೆ. ತಿರುವಿನಲ್ಲಿಯೂ ನಮ್ಮನ್ನು ಹೊರಕ್ಕೆ ಎಸೆಯುವವರು ಯಾರೂ ಇಲ್ಲ. ನಾವು ನೇರವಾಗಿಯೇ ಹೋಗುತ್ತಿದ್ದೆವು, ತಿರುಗಿದ್ದು ಬಸ್ಸು. ಇಷ್ಟನ್ನೂ ನಾನು ಆ ಹಿರಿಯರಿಗೆ ವಿನಯದಿಂದಲೇ ವಿವರಿಸಿದೆ. ‘ಮಾಷ್ಟ್ರೇ, ಕಂಬಿ ಹಿಡ್ಕೊಳ್ಳಿ’ ಎಂದರು ಅವರು. ಭೌತಶಾಸ್ತ್ರಕ್ಕೂ ಅದಕ್ಕಿಂತ ಹೆಚ್ಚಿನ ಪರಿಹಾರ ತಿಳಿದಿಲ್ಲ.

ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದು ಮಾತ್ರ ಡ್ರೈವರನ ಪಾದಕ್ಕೆ ಬಿಟ್ಟ ವಿಚಾರ. ಬಲವೆಂದರೆ ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ, ಅಂದರೆ ವೇಗ ಬದಲಾಗುವ ದರದಿಂದ, ಗುಣಿಸಿದ್ದು ಎಂಬ ಎರಡನೆಯ ನಿಯಮವನ್ನು ಹಚ್ಚಿದರೆ, ಗಂಟೆಗೆ 36 ಕಿಲೋಮೀಟರ್ ವೇಗದ ಬಸ್ಸು 2 ಸೆಕೆಂಡಿನಲ್ಲಿ ನಿಂತಾಗ 60 ಕಿಲೋದ ನನ್ನನ್ನು ತಡೆಯಲು 300 ನ್ಯೂಟನ್ ಬಲ ಬೇಕು. ಅಂದರೆ 30 ಕಿಲೋದ ಅಕ್ಕಿ ಮೂಟೆಯನ್ನು ಎತ್ತಿ ಹಿಡಿದಷ್ಟು. ಅದೇ ಬಸ್ಸು 4 ಸೆಕೆಂಡಿನಲ್ಲಿ ನಿಂತರೆ ಮೂಟೆ ಅರ್ಧವಾಗುತ್ತದೆ. ಆ 2 ಸೆಕೆಂಡುಗಳ ಔದಾರ್ಯವನ್ನು ನಮ್ಮ ದಾರಿಯ ಡ್ರೈವರುಗಳಲ್ಲಿ ನಾನಿನ್ನೂ ಕಂಡಿಲ್ಲ.

ಮೂರನೆಯ ನಿಯಮವು ಮನೆಯ ಹಿಂದೆಯೇ ನನಗಾಗಿ ಕಾದಿತ್ತು. ಆಟಿ ತಿಂಗಳಲ್ಲಿ ಮಳೆ ಬಿಟ್ಟ ಹೊತ್ತು ನೋಡಿ ಅಡಿಕೆಗೆ ಎರಡನೆಯ ಸಲ ಮದ್ದು ಬಿಡುವ ದಿನ, ಮೈಲುತುತ್ತು ಕರಗಿಸಿದ ಪ್ಲಾಸ್ಟಿಕ್ ಬಾಲ್ದಿಯನ್ನು ಹಿಡಿದು ಮುರಕಲ್ಲಿನ ಮೆಟ್ಟಿಲಿನಲ್ಲಿ ತೋಟಕ್ಕೆ ಇಳಿಯುತ್ತಿದ್ದೆ. ನಡೆಯುವುದೆಂದರೆ ಪಾದವು ನೆಲವನ್ನು ಹಿಂದಕ್ಕೆ ದೂಡುವುದು ಮತ್ತು ನೆಲವು ಪಾದವನ್ನು ಅಷ್ಟೇ ಬಲದಿಂದ ಮುಂದಕ್ಕೆ ದೂಡುವುದು. ಹಾವಸೆ ಹಿಡಿದ ಕಲ್ಲಿನಲ್ಲಿ ಘರ್ಷಣೆಯೇ ಇಲ್ಲದಿದ್ದುದರಿಂದ ಈ ಒಪ್ಪಂದ ಮುರಿದುಬಿತ್ತು. ಬಾಲ್ದಿಯು ಮೊದಲ ನಿಯಮಕ್ಕೆ ನಿಷ್ಠವಾಗಿ ತನ್ನಷ್ಟಕ್ಕೆ ಮುಂದುವರಿಯಿತು; ನಾನು ಕುಳಿತೆ. ಭೂಮಿ ನನ್ನನ್ನು 588 ನ್ಯೂಟನ್ ಬಲದಿಂದ ಎಳೆದಾಗ ನಾನೂ ಭೂಮಿಯನ್ನು ಅಷ್ಟೇ ಬಲದಿಂದ ಎಳೆದಿದ್ದೆ. ಬಲಗಳು ಸಮವಾದರೂ ಅವು ಬೇರೆ ಬೇರೆ ವಸ್ತುಗಳ ಮೇಲೆ ಬೀಳುವುದರಿಂದ ಒಂದನ್ನೊಂದು ರದ್ದು ಮಾಡುವುದಿಲ್ಲ. ಭೂಮಿಯ ದ್ರವ್ಯರಾಶಿ ಅಪಾರವಾಗಿರುವುದರಿಂದ ಅದು ನನ್ನ ಕಡೆಗೆ ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೆ.

ಸದ್ದು ಕೇಳಿ ಜಗಲಿಗೆ ಬಂದ ಅಮ್ಮನಿಗೆ, ಬಿದ್ದದ್ದು ನಾನೊಬ್ಬನೇ ಅಲ್ಲ, ಲೆಕ್ಕದ ಪ್ರಕಾರ ಭೂಮಿಯೂ ತುಸು ಮೇಲಕ್ಕೆ ಬಂದಿದೆ ಎಂದು ತಿಳಿಸಿದೆ.

‘ಅದಿರಲಿ, ತುತ್ತು ಪೂರಾ ಚೆಲ್ಲಿತಾ?’ ಎಂದು ಕೇಳಿದರು.